ಪಿಯಾನೊ ವಾದಕರಿಗೊಂದು ವಿಕಿಪೀಡಿಯ ಪುಟ: ಬರೆಯುವ ಮೊದಲು ತೂಗಿ ನೋಡುವ ಬಗೆ

ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಹುಟ್ಟಿ, ಚೆನ್ನೈಯಲ್ಲೋ ಲಂಡನ್ನಿನಲ್ಲೋ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ಕಲಿತು ಕಛೇರಿ ಕೊಡುತ್ತಿರುವವರೊಬ್ಬರು ಇದ್ದಾರೆ ಎಂದುಕೊಳ್ಳಿ. ಅವರ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಒಂದು ಪುಟ ಇರಬೇಕು ಎಂದು ಊರಿನವರಿಗೆ ಅನ್ನಿಸುವುದು ಸಹಜ. ಆದರೆ ಅನ್ನಿಸಿದ ದಿನವೇ ಬರೆಯಲು ಕೂತರೆ ಬಹಳ ಸಲ ಪುಟದ ತಲೆಯ ಮೇಲೆ ‘ಅಳಿಸಬೇಕು’ ಎಂಬ ಫಲಕ ಬೀಳುತ್ತದೆ. ಬರೆದವರಿಗೆ ಬೇಸರ, ಕಲಾವಿದರಿಗೆ ಮುಜುಗರ. ಬರವಣಿಗೆಗೆ ಮೊದಲು ಹುಡುಕಾಟಕ್ಕೆ ಒಂದೆರಡು ಭಾನುವಾರ ಕೊಟ್ಟರೆ ಇದನ್ನು ತಪ್ಪಿಸಬಹುದು.

ವಿಕಿಪೀಡಿಯ ಕೇಳುವ ಪ್ರಶ್ನೆ ಇದು: ಈ ವ್ಯಕ್ತಿಯೊಂದಿಗೆ ಸಂಬಂಧವಿಲ್ಲದ, ನಂಬಬಹುದಾದ ಪ್ರಕಟಣೆಗಳು ಇವರ ಬಗ್ಗೆ ವಿವರವಾಗಿ, ಒಂದಕ್ಕಿಂತ ಹೆಚ್ಚು ಕಡೆ ಬರೆದಿವೆಯೇ? ಇದನ್ನೇ ಅಲ್ಲಿ ಗಮನಾರ್ಹತೆ ಎನ್ನುತ್ತಾರೆ. ಬೆರಳು ಎಷ್ಟು ಚುರುಕು, ಸಂಗೀತ ರಚನಕಾರ ಬಾಖ್‌ನನ್ನು ಎಷ್ಟು ಆಳವಾಗಿ ಅರಿತಿದ್ದಾರೆ ಎನ್ನುವುದನ್ನು ಸಂಪಾದಕರು ತೀರ್ಮಾನಿಸುವಂತಿಲ್ಲ. ಬಲ್ಲ ವಿಮರ್ಶಕರು ಬರೆದಿದ್ದರೆ ಅದನ್ನು ಎತ್ತಿ ಹೇಳಬಹುದು, ಅಷ್ಟೇ. ಈ ಕಟ್ಟುನಿಟ್ಟಿಗೆ ಕಾರಣವಿದೆ. ಪುಟವನ್ನು ಯಾರು ಬೇಕಾದರೂ ತಿದ್ದಬಹುದು. ಹೊರಗಿನ ಆಕರ ಇಲ್ಲದಿದ್ದರೆ ನಾಳೆ ಯಾರೋ ಸೇರಿಸಿದ ಸುಳ್ಳನ್ನು ಸುಳ್ಳೆಂದು ತೋರಿಸಲು ದಾರಿಯೇ ಇರುವುದಿಲ್ಲ. ಬದುಕಿರುವ ವ್ಯಕ್ತಿಯ ವಿಷಯದಲ್ಲಂತೂ ಅದರ ಪೆಟ್ಟು ನೇರವಾಗಿ ಅವರಿಗೇ ತಾಗುತ್ತದೆ.

ಮೊದಲು ನಿಮ್ಮ ನೆಲೆ ಹೇಳಿ

ನೀವು ಆ ಕಲಾವಿದರ ಶಿಷ್ಯರೇ, ಸಂಬಂಧಿಕರೇ, ಕಾರ್ಯಕ್ರಮ ಏರ್ಪಡಿಸುವ ಸಂಘದವರೇ? ಹಾಗಿದ್ದರೆ ಅದು ಹಿತಾಸಕ್ತಿ ಸಂಘರ್ಷ. ಬರೆಯಲೇಬಾರದೆಂಬ ನಿಷೇಧವೇನಿಲ್ಲ. ಆದರೆ ನಿಮ್ಮ ಸದಸ್ಯಪುಟದಲ್ಲಿ ಅದನ್ನು ತಿಳಿಸಿ, ನೇರವಾಗಿ ಪುಟ ತೆರೆಯದೆ ಕರಡನ್ನು ಬೇರೆಯವರ ಕಣ್ಣಿಗೆ ಹಾಕುವುದು ಸರಿಯಾದ ಕ್ರಮ. ದುಡ್ಡು ಪಡೆದು ಬರೆಯುತ್ತಿದ್ದರೆ ಅದನ್ನು ಬಹಿರಂಗಪಡಿಸುವುದು 2014ರಿಂದ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಸಂಸ್ಥೆಯ ಬಳಕೆಯ ನಿಯಮದಲ್ಲೇ ಕಡ್ಡಾಯ. ‘ಇಷ್ಟು ಕೊಡಿ, ಪುಟ ಮಾಡಿಸಿಕೊಡುತ್ತೇವೆ’ ಎಂದು ಕಲಾವಿದರಿಗೆ ಕರೆ ಮಾಡುವವರಿದ್ದಾರೆ. ಪುಟ ಉಳಿಯುವುದು ಆಕರದ ಬಲದಿಂದ; ಅದನ್ನು ಯಾರೂ ಮಾರಾಟಕ್ಕೆ ಇಡಲು ಸಾಧ್ಯವಿಲ್ಲ. ಕಲಾವಿದರಿಗೆ ಇದನ್ನು ಮೊದಲೇ ತಿಳಿಸಿಟ್ಟರೆ ಅವರ ಹಣ ಉಳಿಯುತ್ತದೆ.

ಹುಡುಕಾಟ

ಹೆಸರಿನ ಎಲ್ಲ ರೂಪಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು, ಇನಿಷಿಯಲ್ ಎಲ್ಲ ಹಿಂದು ಮುಂದಾಗುತ್ತವೆ. ಊರಲ್ಲಿ ಒಂದು ಹೆಸರು, ಹೊರದೇಶದ ಕಛೇರಿ ಪಟ್ಟಿಯಲ್ಲಿ ಇನ್ನೊಂದು ಇರಬಹುದು. ‘ಪಿಯಾನೊ’, ‘ಪಿಯಾನೋ’ ಎರಡೂ ಬರಹ ಹಾಕಿ ನೋಡಿ. ಹೆಸರನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹುಡುಕಿ. ಸುದ್ದಿ ವಿಭಾಗ, ಗೂಗಲ್ ಬುಕ್ಸ್, ಇಂಟರ್ನೆಟ್ ಆರ್ಕೈವ್ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು. ಸಾಮಾನ್ಯ ಹುಡುಕಾಟದಲ್ಲಿ ಮೊದಲು ಬರುವುದೆಲ್ಲ ಕಲಾವಿದರದೇ ಜಾಲತಾಣ, ಯೂಟ್ಯೂಬ್, ಫೇಸ್‌ಬುಕ್. ಅವು ಈ ಲೆಕ್ಕಕ್ಕೆ ಬರುವುದಿಲ್ಲ.

ಇಲ್ಲಿ ಒಂದು ಪರೀಕ್ಷೆ ತಪ್ಪದೆ ಮಾಡಿ. ಸಿಕ್ಕಿದ ಪರಿಚಯದಿಂದ ಒಂದು ಇಡೀ ವಾಕ್ಯವನ್ನು ನಕಲಿಸಿ ಉದ್ಧರಣ ಚಿಹ್ನೆಯೊಳಗೆ ಹುಡುಕಿ. ಶಾಸ್ತ್ರೀಯ ಸಂಗೀತಗಾರರು ತಮ್ಮ ಪರಿಚಯವನ್ನು ತಾವೇ ಬರೆದು ಸಂಘಟಕರಿಗೆ ಕಳಿಸುವುದು ವಾಡಿಕೆ. ಅದೇ ಪಠ್ಯ ಸಭಾಂಗಣದ ತಾಣ, ಉತ್ಸವದ ಕೈಪಿಡಿ, ಟಿಕೆಟ್ ಮಾರುವ ತಾಣ, ಕೊನೆಗೆ ಪತ್ರಿಕೆಯ ಪ್ರಕಟಣೆಯಲ್ಲೂ ಅಕ್ಷರ ಬದಲಾಗದೆ ಬರುತ್ತದೆ. ಹತ್ತು ಕಡೆ ಕಂಡರೂ ಅದು ಒಂದೇ ಆಕರ, ಅದೂ ಕಲಾವಿದರ ಸ್ವಂತದ್ದು. ಪಿಯಾನೊ ವಾದಕರ ಬಗ್ಗೆ ಬರೆಯಹೊರಟವರು ಎಡವುವುದು ಹೆಚ್ಚಾಗಿ ಇಲ್ಲೇ.

ಅಂತರ್ಜಾಲದಲ್ಲಿ ಇಲ್ಲ ಎಂದ ಮಾತ್ರಕ್ಕೆ ಆಕರವೇ ಇಲ್ಲ ಎನ್ನಬೇಡಿ. ಮಲೆನಾಡಿನ ಕಲಾವಿದರ ಮಟ್ಟಿಗೆ ಇದು ತುಂಬ ಮುಖ್ಯವಾದ ಮಾತು. ಕನ್ನಡ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಹುಡುಕಿದರೆ ಸಿಗುವಂತೆ ಜಾಲಕ್ಕೇರಿರುವುದು ಸ್ವಲ್ಪ ಭಾಗ ಮಾತ್ರ. ಜಿಲ್ಲಾ ಪುಟಗಳು, ಭಾನುವಾರದ ಪುರವಣಿಗಳು, ವಾರಪತ್ರಿಕೆಗಳು ಕಾಗದದಲ್ಲೇ ಉಳಿದಿವೆ. ಕಾಗದದ ಆಕರಕ್ಕೂ ವಿಕಿಪೀಡಿಯದಲ್ಲಿ ಪೂರ್ತಿ ಬೆಲೆ ಇದೆ. ಕೊಂಡಿ ಇರಲೇಬೇಕೆಂಬ ನಿಯಮ ಇಲ್ಲ. ಕಲಾವಿದರ ಬಳಿ ಕತ್ತರಿಸಿಟ್ಟ ಸುದ್ದಿಗಳ ಕಡತ ಇದ್ದರೆ ಅದನ್ನು ನೋಡಿ. ಅದು ಸಾಕ್ಷಿಯಾಗಿ ಸಾಲದು. ಯಾವ ತಿಂಗಳ ಸಂಚಿಕೆ ಹುಡುಕಬೇಕು ಎಂಬ ಸುಳಿವು ಕೊಡುತ್ತದೆ. ಆಮೇಲೆ ಶಿವಮೊಗ್ಗದ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲೋ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೋ ಯಾವ ಪತ್ರಿಕೆಯ ಯಾವ ವರ್ಷಗಳ ಸಂಪುಟ ಇದೆ ಎಂದು ವಿಚಾರಿಸಿಕೊಂಡು ಹೋಗಿ. ಮೂಲ ಸಂಚಿಕೆ ಸಿಕ್ಕಾಗ ಪತ್ರಿಕೆಯ ಹೆಸರು, ಆವೃತ್ತಿ, ತಾರೀಕು, ಪುಟ ಸಂಖ್ಯೆ, ಲೇಖನದ ತಲೆಬರಹ, ಬರೆದವರ ಹೆಸರು, ಈ ಆರನ್ನೂ ಅಲ್ಲೇ ಟಿಪ್ಪಣಿ ಮಾಡಿಕೊಳ್ಳಿ. ಲೇಖನದ ಫೋಟೊ ತೆಗೆಯುವಾಗ ತಾರೀಕು ಕಾಣುವ ಪುಟದ ಮೇಲ್ಭಾಗವೂ ಚೌಕಟ್ಟಿನೊಳಗೆ ಬರಲಿ. ಕಡತಗಳಲ್ಲಿನ ಬಹುಪಾಲು ತುಣುಕುಗಳಲ್ಲಿ ತಾರೀಕು ಕತ್ತರಿಸಿ ಹೋಗಿರುತ್ತದೆ. ತಾರೀಕಿಲ್ಲದ ತುಣುಕನ್ನು ಉಲ್ಲೇಖವಾಗಿ ಕೊಡಲಾಗುವುದಿಲ್ಲ. ಆ ಫೋಟೊಗಳು ನಿಮ್ಮ ಟಿಪ್ಪಣಿಗೆ ಮಾತ್ರ. ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಬೇಡಿ, ಲೇಖನದ ಹಕ್ಕುಸ್ವಾಮ್ಯ ಪತ್ರಿಕೆಯದು.

ವಿದೇಶಿ ಸಂಗೀತ ಪತ್ರಿಕೆಗಳ ಹಳೆಯ ಸಂಚಿಕೆ ಬೇಕಾದರೆ ವಿಕಿಪೀಡಿಯ ಲೈಬ್ರರಿ ಎಂಬ ಸೌಲಭ್ಯ ಇದೆ. ಖಾತೆಗೆ ಆರು ತಿಂಗಳು, ಒಟ್ಟು 500 ಸಂಪಾದನೆ, ಹಿಂದಿನ 30 ದಿನದಲ್ಲಿ 10 ಸಂಪಾದನೆ ಇದ್ದವರಿಗೆ ಹಣ ಕಟ್ಟಿ ಓದಬೇಕಾದ ಹಲವು ಸಂಗ್ರಹಗಳು ಉಚಿತವಾಗಿ ತೆರೆದುಕೊಳ್ಳುತ್ತವೆ. ನಿಮಗೆ ಆ ಅರ್ಹತೆ ಇನ್ನೂ ಇಲ್ಲದಿದ್ದರೆ ಇರುವ ಸಂಪಾದಕರೊಬ್ಬರನ್ನು ಕೇಳಿಕೊಳ್ಳಿ.

ಸಿಕ್ಕಿದ್ದನ್ನು ತೂಗುವುದು

ಎಲ್ಲವನ್ನೂ ಹರಡಿಕೊಂಡು ಅತ್ಯುತ್ತಮವಾದ ಮೂರನ್ನು ಮಾತ್ರ ಆರಿಸಿ. ಮೂವತ್ತು ಬಡಕಲು ಉಲ್ಲೇಖಕ್ಕಿಂತ ಮೂರು ಗಟ್ಟಿ ಆಕರ ಮೇಲು. ಮೂವತ್ತನ್ನು ತುರುಕಿದರೆ ಅನುಮಾನ ಜಾಸ್ತಿಯಾಗುತ್ತದೆ. ಆರಿಸಿದ ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಹಾಕಿ: ಬರೆದವರು, ಪ್ರಕಟಿಸಿದವರು ಕಲಾವಿದರಿಂದ ಸ್ವತಂತ್ರರೇ? ಪ್ರಕಟಣೆಗೆ ಸಂಪಾದಕರು, ತಪ್ಪು ತಿದ್ದುವ ಪದ್ಧತಿ ಇದೆಯೇ? ಇವರ ಬಗ್ಗೆ ಕನಿಷ್ಠ ಕೆಲವು ಪ್ಯಾರಾ ಇದೆಯೇ, ಅಥವಾ ಪಟ್ಟಿಯಲ್ಲಿ ಹೆಸರು ಮಾತ್ರವೇ? ಮೂರಕ್ಕೂ ‘ಹೌದು’ ಎನ್ನಿಸುವ ಆಕರ ಎರಡಾದರೂ ಇದ್ದರೆ ಮುಂದುವರಿಯಬಹುದು. ಮೂರಿದ್ದರೆ ಧೈರ್ಯವಾಗಿ ಬರೆಯಬಹುದು.

ನಮ್ಮ ಕಡೆಯ ಪ್ರಕಟಣೆಗಳನ್ನು ತೂಗುವಾಗ ಕೆಲವು ವಿಶೇಷ ತೊಡಕುಗಳಿವೆ. ‘ನಗರದಲ್ಲಿ ಇಂದು’ ಬಗೆಯ ಅಂಕಣದಲ್ಲಿ ಸಂಜೆ ಆರಕ್ಕೆ ಕುವೆಂಪು ರಂಗಮಂದಿರದಲ್ಲಿ ಕಾರ್ಯಕ್ರಮ ಎಂದು ಬಂದದ್ದು ಲೆಕ್ಕಕ್ಕಿಲ್ಲ. ಒಂದೇ ದಿನ ಎರಡು ಮೂರು ಪತ್ರಿಕೆಗಳಲ್ಲಿ ಒಂದೇ ಧಾಟಿಯ ಸುದ್ದಿ, ಒಂದೇ ಫೋಟೊ ಬಂದಿದ್ದರೆ ಅದು ಪತ್ರಿಕಾಗೋಷ್ಠಿಯ ಹೇಳಿಕೆ, ಅದನ್ನೂ ಬದಿಗಿಡಿ. ಸಂದರ್ಶನದಲ್ಲಿ ಕಲಾವಿದರು ತಮ್ಮ ಬಗ್ಗೆ ಆಡಿದ ಮಾತು ಸ್ವತಂತ್ರವಲ್ಲ. ಆದರೆ ವರದಿಗಾರರು ತಾವೇ ವಿಚಾರಿಸಿ ಬರೆದ ಪೀಠಿಕೆ, ನುಡಿಸಾಣಿಕೆಯ ವಿಶ್ಲೇಷಣೆ ಜೊತೆಗಿದ್ದರೆ ಆ ಭಾಗಕ್ಕೆ ತೂಕ ಇದೆ. ಹಬ್ಬದ ವಿಶೇಷಾಂಕಗಳಲ್ಲಿ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ಜಾಹೀರಾತು’ ಎಂದಿದೆಯೇ ನೋಡಲು ಮರೆಯಬೇಡಿ.

ಅಭಿನಂದನಾ ಗ್ರಂಥಗಳ ವಿಷಯ ಇನ್ನೂ ಸೂಕ್ಷ್ಮ. ಕಲಾವಿದರಿಗೆ ಅರವತ್ತು ತುಂಬಿದಾಗ ಶಿಷ್ಯರು, ಅಭಿಮಾನಿಗಳು ಸೇರಿ ತರುವ ಈ ಗ್ರಂಥಗಳಲ್ಲಿ ಬೇರೆಲ್ಲೂ ಸಿಗದ ಮಾಹಿತಿ ಇರುತ್ತದೆ. ಗುರುಗಳು ಯಾರು, ಎಲ್ಲಿ ಕಲಿತರು, ಮೊದಲ ಕಛೇರಿ ಎಂದು ಎಂಬುದನ್ನೆಲ್ಲ ಅಲ್ಲಿಂದ ತೆಗೆದುಕೊಳ್ಳಬಹುದು. ಆದರೆ ಗಮನಾರ್ಹತೆಗೆ ಸಾಕ್ಷಿಯಾಗಿ ಅದನ್ನು ಮುಂದಿಡಲಾಗದು, ಏಕೆಂದರೆ ಅದು ಹುಟ್ಟಿದ್ದೇ ಆಪ್ತರ ಬಳಗದಿಂದ. ಸಂಘದ ಸ್ಮರಣ ಸಂಚಿಕೆಗೂ ಲೇಖಕರೇ ಅಚ್ಚು ಹಾಕಿಸಿದ ಪುಸ್ತಕಕ್ಕೂ ಇದೇ ಮಾತು.

ಸ್ಪರ್ಧೆ, ಧ್ವನಿಮುದ್ರಿಕೆ, ವೇದಿಕೆ

ಸಂಗೀತಗಾರರಿಗೆಂದೇ ಇಂಗ್ಲಿಷ್ ವಿಕಿಪೀಡಿಯದಲ್ಲಿ ಪ್ರತ್ಯೇಕ ಮಾನದಂಡಗಳಿವೆ. ಪ್ರತಿ ಭಾಷೆಯ ವಿಕಿಪೀಡಿಯವೂ ತನ್ನ ನಿಯಮ ತಾನೇ ಮಾಡಿಕೊಳ್ಳುತ್ತದೆ, ಹಾಗಾಗಿ ಅವು ಕನ್ನಡಕ್ಕೆ ಕಾನೂನಲ್ಲ. ಅಳತೆಗೋಲಾಗಿ ಮಾತ್ರ ಚೆನ್ನಾಗಿವೆ. ಅವುಗಳಲ್ಲಿ ಯಾವುದಾದರೂ ಒಂದು ದಾಟಿದರೆ ‘ಗಮನಾರ್ಹರಾಗಿರಬಹುದು’ ಎಂದಷ್ಟೇ ಅರ್ಥ. ಆಕರ ಆಗಲೂ ಬೇಕು.

ಪಿಯಾನೊಗೆ ತುಂಬ ಹೊಂದುವುದು ಪ್ರಮುಖ ಸ್ಪರ್ಧೆಯಲ್ಲಿ ಮೊದಲ ಮೂರು ಸ್ಥಾನದಲ್ಲಿ ಬಂದಿರಬೇಕೆಂಬ ಮಾನದಂಡ. ಪ್ರಮುಖ ಎಂದರೆ ವಾರ್ಸಾದಲ್ಲಿ 1927ರಿಂದ ನಡೆಯುತ್ತಿರುವ ಶೋಪಾನ್ ಸ್ಪರ್ಧೆ, ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸ್ಪರ್ಧೆ, ಮಾಸ್ಕೋದಲ್ಲಿ 1958ರಲ್ಲಿ ಶುರುವಾದ ಚೈಕೋವ್‌ಸ್ಕಿ ಸ್ಪರ್ಧೆ, ಅಮೆರಿಕದ ಫೋರ್ಟ್‌ವರ್ತ್‌ನಲ್ಲಿ 1962ರಿಂದ ನಡೆಯುವ ವ್ಯಾನ್ ಕ್ಲೈಬರ್ನ್ ಸ್ಪರ್ಧೆ, ಇಂಗ್ಲೆಂಡಿನ ಲೀಡ್ಸ್ ಸ್ಪರ್ಧೆ, ಈ ಮಟ್ಟದವು. ಇವುಗಳಿಗಿಂತ ಚಿಕ್ಕವೂ ಘನವಾದವೂ ಆದ ಸ್ಪರ್ಧೆಗಳು ಬಹಳ ಇವೆ. ಹೆಸರು ಕೇಳಿರದ ಸ್ಪರ್ಧೆಯಾದರೆ ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ಸಂಗೀತ ಸ್ಪರ್ಧೆಗಳ ವಿಶ್ವ ಒಕ್ಕೂಟದ ಸದಸ್ಯರ ಪಟ್ಟಿ ನೋಡುವುದು ಒಳ್ಳೆಯ ಮೊದಲ ಹೆಜ್ಜೆ. ಅದೇ ಕೊನೆಯ ಮಾತಲ್ಲ: ಚೈಕೋವ್‌ಸ್ಕಿ ಸ್ಪರ್ಧೆಯನ್ನು 2022ರಲ್ಲಿ ಉಕ್ರೇನ್ ಯುದ್ಧದ ಕಾರಣಕ್ಕೆ ಆ ಒಕ್ಕೂಟದಿಂದ ಹೊರಗಿಟ್ಟರು, ಹಾಗೆಂದು ಅದರ ಹಿಂದಿನ ವಿಜೇತರ ಮಹತ್ವ ಕಡಿಮೆಯಾಗಲಿಲ್ಲ. ಇನ್ನೊಂದು ತುದಿಯಲ್ಲಿ, ಪ್ರವೇಶ ಶುಲ್ಕ ಕಟ್ಟಿ ವಿಡಿಯೊ ಕಳಿಸಿದರೆ ಒಂದೇ ವಿಭಾಗದಲ್ಲಿ ಹತ್ತಾರು ಜನರಿಗೆ ‘ಪ್ರಥಮ ಬಹುಮಾನ’ ಹಂಚುವ ಆನ್‌ಲೈನ್ ‘ಅಂತರರಾಷ್ಟ್ರೀಯ’ ಸ್ಪರ್ಧೆಗಳಿವೆ. ಆ ವರ್ಷದ ವಿಜೇತರ ಪೂರ್ತಿ ಪಟ್ಟಿ ತೆರೆದು ಎಣಿಸಿ, ತೀರ್ಪುಗಾರರು ಯಾರು ಎಂದು ನೋಡಿ, ಸಂಘಟಕರನ್ನು ಬಿಟ್ಟು ಬೇರೆ ಯಾರಾದರೂ ಆ ಫಲಿತಾಂಶವನ್ನು ಸುದ್ದಿ ಮಾಡಿದ್ದಾರೆಯೇ ಹುಡುಕಿ. ಸತ್ಯ ಅಲ್ಲೇ ತಿಳಿಯುತ್ತದೆ.

ಟ್ರಿನಿಟಿ ಕಾಲೇಜ್ ಲಂಡನ್, ಎಬಿಆರ್‌ಎಸ್‌ಎಂ ಸಂಸ್ಥೆಗಳ ಗ್ರೇಡ್ ಪರೀಕ್ಷೆಗಳು ನಮ್ಮಲ್ಲಿ ಈಗ ಮನೆಮಾತು. ಎಂಟನೇ ಗ್ರೇಡ್‌ನಲ್ಲಿ ಡಿಸ್ಟಿಂಕ್ಷನ್ ಬಂದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಬರಲಿ. ಅದು ವಿದ್ಯಾರ್ಥಿಯ ಸಾಧನೆ. ಅದರ ಮೇಲಿನ ಡಿಪ್ಲೊಮಾಗಳೂ ವಿದ್ಯಾರ್ಹತೆಗಳೇ. ಯಾವುದೂ ಪುಟಕ್ಕೆ ಕಾರಣವಾಗುವುದಿಲ್ಲ.

ಧ್ವನಿಮುದ್ರಿಕೆಯಲ್ಲಿ ನೋಡಬೇಕಾದ್ದು ಹೊರತಂದವರು ಯಾರು ಎಂಬುದನ್ನು. ಸ್ವಲ್ಪ ಹಣ ಕೊಟ್ಟರೆ ಯಾರ ಮುದ್ರಿಕೆಯೂ ಸ್ಪಾಟಿಫೈಗೆ ಹೋಗುತ್ತದೆ. ಡಾಯ್ಚ ಗ್ರಾಮಫೋನ್, ಡೆಕ್ಕ, ಸೋನಿ ಕ್ಲಾಸಿಕಲ್, ಹೈಪೀರಿಯನ್, ಬಿಸ್, ನ್ಯಾಕ್ಸಸ್ ಥರದ ಸಂಸ್ಥೆ ಎರಡು ಅಥವಾ ಹೆಚ್ಚು ಆಲ್ಬಂ ತಂದಿದ್ದರೆ ತೂಕ ಬೇರೆ, ಏಕೆಂದರೆ ಅಲ್ಲಿ ಆಯ್ಕೆ ನಡೆಯುತ್ತದೆ ಮತ್ತು ವಿಮರ್ಶೆ ಬರುವ ಸಾಧ್ಯತೆ ಹೆಚ್ಚು. 1923ರಲ್ಲಿ ಶುರುವಾದ ಗ್ರಾಮಫೋನ್ ಮಾಸಪತ್ರಿಕೆಯಲ್ಲಿ ಅರ್ಧ ಪುಟದ ವಿಮರ್ಶೆ ಬಂದಿದ್ದರೆ, ಅದು ಹೊಗಳಿಕೆಯಾಗಿರಲಿ ತೆಗಳಿಕೆಯಾಗಿರಲಿ, ಒಳ್ಳೆಯ ಆಕರ.

ವೇದಿಕೆಯ ಹೆಸರು ಕಣ್ಣು ಕೋರೈಸದಿರಲಿ. ‘ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದರು’ ಎಂದಿದ್ದರೆ ಯಾವ ಸಭಾಂಗಣ ಎಂದು ಕೇಳಿ. ಆ ಕಟ್ಟಡದೊಳಗೆ ಮೂರು ಸಭಾಂಗಣಗಳಿವೆ. ಮುಖ್ಯವಾದದ್ದರಲ್ಲಿ ಸುಮಾರು 2,800 ಆಸನ, ವೈಲ್ ರಿಸೈಟಲ್ ಹಾಲ್‌ನಲ್ಲಿ 268. ಅವನ್ನು ಬಾಡಿಗೆಗೂ ಕೊಡುತ್ತಾರೆ. ಕಾರ್ನೆಗಿ ಸಂಸ್ಥೆಯೇ ಆಹ್ವಾನಿಸಿತೇ, ಬೇರೆಯವರು ಬಾಡಿಗೆ ಹಿಡಿದರೇ ಎಂಬುದರ ಮೇಲೆ ಮಾತಿನ ಅರ್ಥವೇ ಬದಲಾಗುತ್ತದೆ. ‘ಸ್ಟೈನ್‌ವೇ ಆರ್ಟಿಸ್ಟ್’ ಎಂಬ ಬಿರುದು ಪಿಯಾನೊ ತಯಾರಕರ ಸ್ವಂತ ಪಟ್ಟಿ. ಸಾಧಕರು ಅದರಲ್ಲಿ ಬೇಕಾದಷ್ಟಿದ್ದಾರೆ, ಆದರೆ ಪಟ್ಟಿಯಲ್ಲಿರುವುದೇ ಸ್ವತಂತ್ರ ಮನ್ನಣೆ ಆಗದು. 2006ರಲ್ಲಿ ಮುಂಬೈಯಲ್ಲಿ ಸ್ಥಾಪನೆಯಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದಂಥ ವಾದ್ಯವೃಂದದೊಂದಿಗೆ ಏಕವಾದಕರಾಗಿ ನುಡಿಸಿದ್ದರೆ ವಿಮರ್ಶೆ ಬಂದಿರಬಹುದು. ಕಛೇರಿಯ ಮರುದಿನದಿಂದ ಒಂದು ವಾರದ ಪತ್ರಿಕೆಗಳನ್ನು ಜಾಲಾಡಿ. ಆಕಾಶವಾಣಿಯಲ್ಲಿ ಬಂದಿದ್ದರೆ ಭದ್ರಾವತಿ ನಿಲಯದಿಂದಲೋ ರಾಷ್ಟ್ರಮಟ್ಟದ ಪ್ರಸಾರದಲ್ಲೋ ಗುರುತಿಸಿ. ಕಲಾವಿದರ ಕುರಿತೇ ಗಣನೀಯವಾದ ಕಾರ್ಯಕ್ರಮ ರಾಷ್ಟ್ರೀಯ ಜಾಲದಲ್ಲಿ ಬಂದಿರಬೇಕು ಎನ್ನುತ್ತದೆ ಇಂಗ್ಲಿಷ್ ವಿಕಿಪೀಡಿಯದ ಮಾನದಂಡ.

ಸಂಬಂಧದಿಂದ ಗಮನಾರ್ಹತೆ ಬರುವುದಿಲ್ಲ ಎಂಬುದನ್ನು ಸೇರಿಸಬೇಕು. ಹೆಸರಾಂತ ಗುರುವಿನ ಶಿಷ್ಯೆ, ದೊಡ್ಡ ಸಾಹಿತಿಯ ಮೊಮ್ಮಗ, ಹೆಗ್ಗೋಡಿನ ನೀನಾಸಮ್‌ನಲ್ಲಿ ಒಮ್ಮೆ ನುಡಿಸಿದವರು, ಇವೆಲ್ಲ ಪರಿಚಯದ ಸಾಲುಗಳು ಮಾತ್ರ. ಮೈಸೂರಿನ ಜಯಚಾಮರಾಜ ಒಡೆಯರ್ ಉದಾಹರಣೆ ಇಲ್ಲಿ ಎರಡು ಬಗೆಯಲ್ಲಿ ಉಪಯುಕ್ತ. ಅವರು ಪಿಯಾನೊ ಕಲಿತವರು, ಪಾಶ್ಚಾತ್ಯ ಸಂಗೀತದಲ್ಲಿ ಲಂಡನ್ನಿನ ಪದವಿ ಪಡೆದವರು. ಆದರೂ ಅವರ ಪಿಯಾನೊ ವಾದನಕ್ಕೆ ಪ್ರತ್ಯೇಕ ಪುಟ ಬೇಡ. ಅವರ ಜೀವನದ ಪುಟದೊಳಗೆ ಒಂದು ವಿಭಾಗ ಅದಕ್ಕೆ ಸರಿಯಾದ ಜಾಗ. ಇನ್ನು ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ಪಿಯಾನೊ ವಾದಕ, ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ಎಚ್‌ಎಂವಿ ಕಂಪನಿಯಿಂದ ಧ್ವನಿಮುದ್ರಿಸಲು ಹಣ ಕೊಟ್ಟವರು ಇದೇ ಒಡೆಯರ್. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದ. ಮೆಟ್ನರ್‌ಗೆ ಪುಟ ಸಲ್ಲುವುದು ಮಹಾರಾಜರ ಆಶ್ರಯ ಸಿಕ್ಕಿದ್ದಕ್ಕಲ್ಲ. ಅವನ ಕೃತಿ, ವಾದನ ಎರಡರ ಬಗ್ಗೆಯೂ ಸಂಬಂಧವಿಲ್ಲದವರು ಪುಸ್ತಕಗಳನ್ನೇ ಬರೆದಿದ್ದಾರೆ.

ಶಾಸ್ತ್ರೀಯ ಪರಂಪರೆಗಳವರಿಗೆ ಇನ್ನೊಂದು ದಾರಿಯೂ ತೆರೆದಿದೆ. ಶೈಲಿಯಲ್ಲೋ ಬೋಧನೆಯಲ್ಲೋ ಪ್ರಭಾವ ಬೀರಿದವರು, ಒಂದು ಪರಂಪರೆಯನ್ನೇ ಕಟ್ಟಿದವರು ಎಂದು ನಂಬಬಹುದಾದ ಆಕರ ಹೇಳಿದರೆ ಅದೂ ಸಲ್ಲುತ್ತದೆ. ಕಛೇರಿ ಬಿಟ್ಟು ಜೀವಮಾನವೆಲ್ಲ ಪಾಠ ಹೇಳಿದ ಪಿಯಾನೊ ಶಿಕ್ಷಕರಿಗೆ ಇದು ಆಸರೆ. ಶಿವಮೊಗ್ಗದ ಮಗ್ಗುಲಲ್ಲೇ ಇರುವ ಹೊಸಹಳ್ಳಿಯ ಗಮಕಿಗಳನ್ನು ತೂಗುವಾಗಲೂ ಇದೇ ನಿಯಮ ಕೆಲಸಕ್ಕೆ ಬರುತ್ತದೆ. ಆ ಊರಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳು ಅವರ ಬಗ್ಗೆ ವಿವರವಾಗಿ ಬರೆದವು. ಪ್ರಶಸ್ತಿ ಹೀಗೆ ಆಕರಗಳನ್ನು ಹುಟ್ಟಿಸುತ್ತದೆ. ಪದ್ಮ ಪುರಸ್ಕಾರ, ಕೇಂದ್ರ ಸಂಗೀತ ನಾಟಕ ಅಕಾಡೆಮಿ, ರಾಜ್ಯೋತ್ಸವ ಪ್ರಶಸ್ತಿ, ಕರ್ನಾಟಕ ಕಲಾಶ್ರೀಗಳಂಥವು ಕಂಡರೆ ಘೋಷಣೆಯಾದ ವಾರದ ಪತ್ರಿಕೆಗಳಿಂದಲೇ ಹುಡುಕಾಟ ಶುರು ಮಾಡಿ. ಹಣ ತೆತ್ತು ಪಡೆಯುವ ‘ಗೌರವ ಡಾಕ್ಟರೇಟ್’ಗಳನ್ನು ಪಟ್ಟಿಗೂ ಸೇರಿಸಬೇಡಿ.

ತೀರ್ಮಾನ ‘ಬರೆಯಬಹುದು’ ಎಂದಾದರೆ

ನಿಮ್ಮ ಖಾತೆಯ ‘ನನ್ನ ಪ್ರಯೋಗಪುಟ’ದಲ್ಲಿ ಕರಡು ಮಾಡಿ. 250ರಿಂದ 300 ಪದ ಮೊದಲಿಗೆ ಸಾಕು. ಮೊದಲ ವಾಕ್ಯದಲ್ಲೇ ಯಾರು, ಯಾವುದಕ್ಕೆ ಹೆಸರಾದವರು ಎಂಬುದು ಬರಲಿ. ಪ್ರತಿ ಸಂಗತಿಯ ಪಕ್ಕದಲ್ಲೇ ಉಲ್ಲೇಖ ಇರಲಿ. ಕನ್ನಡದಲ್ಲಿ ‘ಜನಿಸಿದರು’, ‘ಕಲಿತರು’ ಎಂಬ ಗೌರವದ ಬಹುವಚನ ಸಹಜ, ಅದನ್ನು ಬಿಡಬೇಕಿಲ್ಲ. ಬಿಡಬೇಕಾದ್ದು ‘ಖ್ಯಾತ’, ‘ಅಪ್ರತಿಮ’, ‘ನಾಡಿನ ಹೆಮ್ಮೆಯ’ ಮುಂತಾದ ವಿಶೇಷಣಗಳನ್ನು, ಪುಟದ ಶೀರ್ಷಿಕೆಯಲ್ಲಿ ‘ವಿದ್ವಾನ್’, ‘ಶ್ರೀ’ ಸೇರಿಸುವುದನ್ನು. ಜಾಲತಾಣದ ಪರಿಚಯವನ್ನು ನಕಲು ಮಾಡಿದರೆ ಹಕ್ಕುಸ್ವಾಮ್ಯದ ಕಾರಣಕ್ಕೆ ಬಹುಬೇಗ ಅಳಿಸಿಹಾಕುತ್ತಾರೆ. ಆಗ ಒಳ್ಳೆಯ ಆಕರಗಳಿದ್ದರೂ ಪುಟ ಉಳಿಯದು. ಹುಟ್ಟಿದ ತಾರೀಕು, ಜಾತಿ, ಮನೆಯವರ ಹೆಸರು, ಈಗಿನ ವಿಳಾಸ ಇವನ್ನು ಊರಿನವರೆಂಬ ಸಲುಗೆಯಿಂದ ಬರೆಯಬೇಡಿ. ನಿಮಗೆ ಗೊತ್ತಿದ್ದರೆ ಸಾಲದು, ನಂಬುವಂಥ ಕಡೆ ಪ್ರಕಟವಾಗಿರಬೇಕು. ಪ್ರಕಟವಾಗಿದ್ದರೂ ಸಂಗೀತಕ್ಕೆ ಸಂಬಂಧವಿಲ್ಲದ ಮನೆಯ ವಿವರ ಬೇಕಾಗಿಲ್ಲ.

ಭಾವಚಿತ್ರ ನೀವೇ ತೆಗೆದದ್ದಾದರೆ ಕಾಮನ್ಸ್‌ಗೆ ಸಿಸಿ ಬಿವೈ-ಎಸ್‌ಎ 4.0 ಎಂಬ ಮುಕ್ತ ಪರವಾನಗಿಯಲ್ಲಿ ಏರಿಸಿ. ಕಲಾವಿದರು ಕೊಟ್ಟ ಸ್ಟುಡಿಯೊ ಫೋಟೊದ ಹಕ್ಕು ಸಾಮಾನ್ಯವಾಗಿ ಛಾಯಾಗ್ರಾಹಕರದ್ದು; ಅವರ ಬರಹದ ಅನುಮತಿ ಬೇಕು. ನುಡಿಸಿದ ತುಣುಕು ಸೇರಿಸುವ ಆಸೆಯಿದ್ದರೆ ನೆನಪಿಡಿ: ಶೋಪಾನ್ ತೀರಿಕೊಂಡದ್ದು 1849ರಲ್ಲಿ, ರಚನೆಗೆ ಹಕ್ಕುಸ್ವಾಮ್ಯ ಇಲ್ಲ. ನುಡಿಸಿದವರ ಹಕ್ಕು, ಧ್ವನಿಮುದ್ರಿಸಿದವರ ಹಕ್ಕು ಬೇರೆಯಾಗಿ ಉಳಿದಿರುತ್ತವೆ.

ಪ್ರಕಟಿಸುವ ಮೊದಲು ಕನ್ನಡ ವಿಕಿಪೀಡಿಯದ ಸಂಪಾದಕರು ಚರ್ಚಿಸುವ ‘ಅರಳಿ ಕಟ್ಟೆ’ ಪುಟದಲ್ಲಿ ಮೂರು ಅತ್ಯುತ್ತಮ ಆಕರಗಳನ್ನು ಹೆಸರಿಸಿ ಅಭಿಪ್ರಾಯ ಕೇಳಿ. ಕನ್ನಡ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರು ಕಡಿಮೆ, ಉತ್ತರಕ್ಕೆ ಕಾಯಬೇಕಾಗಬಹುದು. ಇದೇ ಕಾರಣಕ್ಕೆ ಆಕರವಿಲ್ಲದ ಪುಟವೂ ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಉಳಿಯುವುದುಂಟು. ಅದನ್ನು ಒಪ್ಪಿಗೆ ಎಂದು ತಿಳಿದು ‘ಅವರದ್ದಿದೆಯಲ್ಲ, ಇವರದ್ದೇಕೆ ಬೇಡ’ ಎಂದು ವಾದಿಸಿದರೆ ಬೆಲೆ ಸಿಗದು. ಅಳಿಸುವ ಫಲಕ ಬಿದ್ದರೂ ಅದನ್ನು ಕಿತ್ತುಹಾಕಬೇಡಿ, ಬಂಧುಬಳಗವನ್ನು ಮತ ಹಾಕಲು ಕರೆಯಬೇಡಿ. ಅಲ್ಲಿ ತಲೆ ಎಣಿಸುವುದಿಲ್ಲ. ಚರ್ಚೆಪುಟದಲ್ಲಿ ಆಕರಗಳನ್ನು ತಾರೀಕು, ಪುಟ ಸಂಖ್ಯೆಯೊಂದಿಗೆ ಇಟ್ಟು, ಪ್ರತಿಯೊಂದರಲ್ಲೂ ಏನಿದೆ ಎಂದು ಎರಡು ಸಾಲು ಬರೆಯಿರಿ. ಕಾಗದದ ಆಕರ ನೋಡಲಾಗದ ಸಂಪಾದಕರಿಗೆ ಆ ಎರಡು ಸಾಲು ಬಹಳ ಸಹಾಯ ಮಾಡುತ್ತದೆ.

ತೀರ್ಮಾನ ‘ಸದ್ಯಕ್ಕೆ ಬೇಡ’ ಎಂದಾದರೆ

ಸಾಮಾನ್ಯವಾಗಿ ಸಿಗುವ ಫಲಿತಾಂಶ ಇದು. ಇದರಿಂದ ಕಲಾವಿದರಿಗೆ ಅಗೌರವವಾಗುವುದಿಲ್ಲ, ಹುಡುಕಿದ್ದೂ ವ್ಯರ್ಥವಲ್ಲ. ಒಂದೇ ಗಟ್ಟಿ ಆಕರ ಸಿಕ್ಕಿದ್ದರೆ ಅವರು ಕಟ್ಟಿದ ಸಂಸ್ಥೆ, ನುಡಿಸಿದ ವಾದ್ಯವೃಂದ ಅಥವಾ ಊರಿನ ಪುಟದಲ್ಲಿ ಉಲ್ಲೇಖಸಹಿತ ಒಂದು ವಾಕ್ಯ ಸೇರಿಸಬಹುದು. ವಿಕಿಮೀಡಿಯದ ದತ್ತಾಂಶ ಕೋಶವಾದ ವಿಕಿಡೇಟಾದ ಹೊಸ್ತಿಲು ವಿಕಿಪೀಡಿಯಕ್ಕಿಂತ ತಗ್ಗು. ಗಂಭೀರ, ಸಾರ್ವಜನಿಕ ಆಕರದಿಂದ ಗುರುತಿಸಬಹುದಾದ ವ್ಯಕ್ತಿಗೆ ಅಲ್ಲಿ ದಾಖಲೆ ತೆರೆಯಬಹುದು. ಕಲಾವಿದರ ಒಪ್ಪಿಗೆ ಇದ್ದರೆ ಒಳ್ಳೆಯದೊಂದು ಫೋಟೊವನ್ನು ಕಾಮನ್ಸ್‌ಗೆ ಈಗಲೇ ಏರಿಸಿಡಿ, ಮುಂದೆ ಪುಟ ಬರೆಯುವವರಿಗೆ ಬೇಕಾಗುತ್ತದೆ. ಪತ್ರಿಕೆಯ ತುಣುಕುಗಳಿಗೆ ತಾರೀಕು, ಪುಟ ಬರೆದು ತೇವ ತಾಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಮಲೆನಾಡಿನ ಒಂದೇ ಮಳೆಗಾಲದಲ್ಲಿ ಬರಿ ಕಡತಕ್ಕೆ ಬೂಸ್ಟು ಹಿಡಿಯುತ್ತದೆ. ಸ್ಕ್ಯಾನ್ ಮಾಡಿಯೂ ಇಟ್ಟುಕೊಳ್ಳಿ. ಹೊಸ ಆಲ್ಬಂ, ದೊಡ್ಡ ಸ್ಪರ್ಧೆ, ರಾಜ್ಯ ಮಟ್ಟದ ಪ್ರಶಸ್ತಿ ಯಾವುದಾದರೂ ಬಂದಾಗ ಅದೇ ಮೂರು ಪ್ರಶ್ನೆಗಳೊಂದಿಗೆ ಮತ್ತೆ ತೂಗಿ ನೋಡಿ. ಪ್ರಯೋಗಪುಟದ ಕರಡು ಅಷ್ಟರವರೆಗೆ ಅಲ್ಲೇ ಇರಲಿ.